ಕಚಗುಳಿ ಆಗುತ್ತದೆಯೇ ಎಂದು ಕೇಳಿದವರು

ನಾನು ಮೊದಲು ಓದಿದ ಉರ್ದು ಶಾಲೆಯಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಮಾಸ್ತರರಲ್ಲ, ನಾವೇ ಹುಡುಗರು. ಕುಳಿತವನ ಮೊಣಕಾಲ ಚಿಪ್ಪಿನ ಮೇಲೆ ಐದು ಬೆರಳುಗಳ ತುದಿಯನ್ನು ಒಂದೇ ಕಡೆ ಊರಿ, ಕೊಡೆ ಬಿಚ್ಚಿದ ಹಾಗೆ ಮೆಲ್ಲನೆ ಅಗಲಿಸುವುದು. ನಕ್ಕನೋ, ಅವನಿಗೆ ಗುದ್‌ಗುದಿ ಇದೆ ಎಂದು ಲೆಕ್ಕ. ನಗದಿದ್ದರೆ ಮುಂದೆ ಪಕ್ಕೆ, ಆಮೇಲೆ ಕಂಕುಳು, ಕಡೆಗೆ ಅಂಗಾಲು. ಅಂಗಾಲಿಗೂ ಬಗ್ಗದವನಿಗೆ ‘ಪತ್ಥರ್’ ಎಂಬ ಬಿರುದು. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಸೇರಿದಾಗ ಪಾಠಗಳೆಲ್ಲ ಹೊಸತಾಗಿದ್ದವು, ಈ ಪರೀಕ್ಷೆ ಮಾತ್ರ ಹಳೆಯದೇ ಇತ್ತು. ಗುದ್‌ಗುದಿ ಹೋಗಿ ಕಚಗುಳಿ ಆಗಿತ್ತು, ಪತ್ಥರ್ ಹೋಗಿ ಬಂಡೆ ಆಗಿತ್ತು, ಅಷ್ಟೆ. ಒಮ್ಮೆ ಈ ಪರೀಕ್ಷೆಯಲ್ಲಿ ನಾನು ಒಬ್ಬನ ಕಾಲು ಹಿಡಿದಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಪದಗಳ ಮಾತು ಬಂತು. ಉರ್ದುವಿನ ಗುದ್‌ಗುದಿ, ತೆಲುಗಿನ ಚಕ್ಕಿಲಿಗಿಲಿ, ತಮಿಳಿನ ಕಿಚ್ಚುಕಿಚ್ಚು, ಮಲಯಾಳದ ಇಕ್ಕಿಳಿ, ಫಾರ್ಸಿಯ ಕಿಲ್‌ಕಿಲಕ್, ಅರಬ್ಬಿಯ ದಗ್‌ದಗ. ಒಂದೊಂದನ್ನೂ ಬಾಯಲ್ಲಿ ಹೇಳಿ ನೋಡಿ. ಹೆಚ್ಚಿನವು ಒಂದೇ ಸದ್ದನ್ನು ಎರಡೆರಡು ಸಲ ಕುಣಿಸುತ್ತವೆ. ಬೆರಳು ಮೈಮೇಲೆ ಹರಿಯುವುದೂ ಹೀಗೆಯೇ. ಒಂದಕ್ಕೊಂದು ನಂಟಿಲ್ಲದ ಭಾಷೆಗಳಲ್ಲೂ ಹೀಗಾಗಿದೆ ಎಂದರೆ ಎಲ್ಲ ಕಡೆಯ ತಾಯಂದಿರೂ ಎಳೆಮಗುವಿನ ಹೊಟ್ಟೆಯ ಮೇಲೆ ಬೆರಳು ಕುಣಿಸುತ್ತ ಬಾಯಲ್ಲೊಂದು ಸದ್ದು ಮಾಡಿದ್ದಾರೆ ಎಂದೇ ನನ್ನ ಊಹೆ.

ಆದರೆ ‘ಇವನಿಗೆ ಕಚಗುಳಿ ಆಗುತ್ತದೆಯೇ, ಅದನ್ನು ಹೇಗೆ ತಿಳಿಯುವುದು?’ ಎಂಬ ಪ್ರಶ್ನೆ ತಾಯಂದಿರಲ್ಲಿಗೇ ನಿಲ್ಲಲಿಲ್ಲ. ಎರಡು ಸಾವಿರ ವರ್ಷಕ್ಕೂ ಮೀರಿ ದೊಡ್ಡ ದೊಡ್ಡ ತಲೆಗಳು ಅದರ ಹಿಂದೆ ಬಿದ್ದಿವೆ. ಉರ್ದುವಿನಲ್ಲಿ ನಾವು ಅರಸ್ತೂ ಎನ್ನುವ ಅರಿಸ್ಟಾಟಲ್ ಪ್ರಾಣಿಗಳ ಅಂಗಾಂಗಗಳ ಬಗ್ಗೆ ಬರೆದ ಗ್ರಂಥದಲ್ಲಿ, ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ಪರದೆಯನ್ನು ವಿವರಿಸುವಾಗ ಈ ವಿಷಯಕ್ಕೆ ಬರುತ್ತಾನೆ. ಕಚಗುಳಿ ಆಗುವುದು ಮನುಷ್ಯನಿಗೆ ಮಾತ್ರ ಎನ್ನುವುದು ಅವನ ತೀರ್ಮಾನ. ಅದಕ್ಕೆ ಎರಡು ಕಾರಣ ಕೊಡುತ್ತಾನೆ: ಮನುಷ್ಯನ ಚರ್ಮ ತೆಳು, ಮತ್ತು ಪ್ರಾಣಿಗಳಲ್ಲಿ ನಗುವವನು ಅವನೊಬ್ಬನೇ. ಕಂಕುಳಿನ ಸುತ್ತ ಕದಲಿದ್ದು ಬಿಸಿಯಾಗಿ ಆ ಪರದೆಗೆ ತಗುಲಿ ನಗು ಹೊಮ್ಮುತ್ತದೆ ಎಂಬುದು ಅವನ ವಿವರಣೆ. ಯುದ್ಧದಲ್ಲಿ ಆ ಜಾಗಕ್ಕೆ ಈಟಿ ನಾಟಿದವರು ನಕ್ಕರಂತೆ ಎಂಬ ಮಾತನ್ನೂ ನಂಬಬಹುದು ಎನ್ನುತ್ತಾನೆ. ಅದೇ ಪುಟಗಳಲ್ಲಿ, ಕತ್ತರಿಸಿದ ತಲೆ ಮಾತಾಡಿತು ಎಂಬ ಕಥೆಯನ್ನು ಮಾತ್ರ ಶ್ವಾಸಕೋಶವಿಲ್ಲದೆ ದನಿ ಬರಲು ಸಾಧ್ಯವಿಲ್ಲ ಎಂದು ತಳ್ಳಿಹಾಕುತ್ತಾನೆ. ಈಟಿ ನಾಟಿದವನು ನಕ್ಕನೆಂದು ನಂಬಿದವನೂ ತಲೆಯ ಮಾತಿಗೆ ಬಂದಾಗ ಇಷ್ಟು ಕಟ್ಟುನಿಟ್ಟು.

ಈ ಗ್ರಂಥ ಯುರೋಪಿಗೆ ಮರಳಿ ಬಂದ ದಾರಿಯನ್ನು ನಮ್ಮ ಓದುಗರು ತಿಳಿಯಬೇಕು. ಒಂಬತ್ತನೆಯ ಶತಮಾನದಲ್ಲಿ, ಅಬ್ಬಾಸಿಯರ ಕಾಲದಲ್ಲಿ, ಅರಸ್ತೂವಿನ ಪ್ರಾಣಿಶಾಸ್ತ್ರದ ಗ್ರಂಥಗಳು ಅರಬ್ಬಿಗೆ ಬಂದವು. ಒಟ್ಟು 19 ಭಾಗಗಳ ಆ ಅನುವಾದಕ್ಕೆ ‘ಕಿತಾಬುಲ್ ಹಯವಾನ್’ ಎಂದು ಹೆಸರು. ಯಹ್ಯಾ ಇಬ್ನುಲ್ ಬಿತ್ರೀಕ್ ಅದನ್ನು ಮಾಡಿದನೆಂದು ರೂಢಿಯಲ್ಲಿ ಹೇಳುತ್ತಾರೆ. (ಜಾಹಿಝ್ ಬರೆದ ಪ್ರಸಿದ್ಧ ಗ್ರಂಥಕ್ಕೂ ಇದೇ ಹೆಸರು, ಆದರೆ ಅದು ಬೇರೆ.) ಹದಿಮೂರನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಮೈಕೆಲ್ ಸ್ಕಾಟ್ ಎಂಬ ಪಂಡಿತ ಅದನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಹೀಗೆ ಗ್ರೀಕರ ಕಂಕುಳಿನ ನಗು ಬಗ್ದಾದಿನ ಕಾಗದದ ಮೇಲೆ ಹಾದು ಯುರೋಪಿನ ವಿದ್ಯಾರ್ಥಿಯ ಮೇಜಿಗೆ ತಲುಪಿತು. ಗಣಿತ, ಖಗೋಳ, ವೈದ್ಯಶಾಸ್ತ್ರಗಳ ಈ ಪ್ರಯಾಣವನ್ನು ನಾವು ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುತ್ತೇವೆ. ಕಚಗುಳಿಯೂ ಅದೇ ಒಂಟೆಯ ಮೇಲೆ ಬಂತೆಂದು ಯಾರೂ ಹೇಳುವುದಿಲ್ಲ.

ಅರಸ್ತೂವಿನ ಹೆಸರಿನಲ್ಲಿ ಉಳಿದಿರುವ ‘ಸಮಸ್ಯೆಗಳು’ ಎಂಬ ಇನ್ನೊಂದು ಗ್ರಂಥವಿದೆ. ಅವನ ಪರಂಪರೆಯವರು ಬರೆದದ್ದು. ಅದರಲ್ಲಿ ಎಲ್ಲ ಮಕ್ಕಳೂ ಒಮ್ಮೆಯಾದರೂ ಕೇಳುವ ಪ್ರಶ್ನೆ ಇದೆ: ನಮಗೆ ನಾವೇ ಯಾಕೆ ಕಚಗುಳಿ ಇಟ್ಟುಕೊಳ್ಳಲಾರೆವು? ಉತ್ತರವೂ ಇದೆ. ಮೊದಲೇ ಗೊತ್ತಿದ್ದರೆ ಬೇರೆಯವರು ಇಟ್ಟ ಕಚಗುಳಿಯೂ ಕಡಿಮೆಯಾಗುತ್ತದೆ, ಕಾಣದೆ ಬಂದರೆ ಹೆಚ್ಚಾಗುತ್ತದೆ. ತನ್ನ ಕೈ ತನಗೆ ಯಾವಾಗಲೂ ಗೊತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, 1998ರಲ್ಲಿ ಇದು ಮತ್ತೆ ಬರುತ್ತದೆ.

1623ರಲ್ಲಿ ಗೆಲಿಲಿಯೋ ಪ್ರಕಟಿಸಿದ ‘ಇಲ್ ಸಜ್ಜಾತೊರೆ’ ಎಂಬ ಪುಸ್ತಕ ಧೂಮಕೇತುಗಳ ಜಗಳದ್ದು. ಅದರ ಕೊನೆಯ ಭಾಗದಲ್ಲಿ ಶಾಖ ಎಂದರೇನು ಎಂದು ವಿವರಿಸಲು ಅವನು ಕಚಗುಳಿಯನ್ನು ಸಾಕ್ಷಿಗೆ ಕರೆಯುತ್ತಾನೆ. ಒಂದು ಕೈಯನ್ನು ಅಮೃತಶಿಲೆಯ ಪ್ರತಿಮೆಯ ಮೇಲೆ ಆಡಿಸಿ, ಆಮೇಲೆ ಜೀವಂತ ಮನುಷ್ಯನ ಮೇಲೆ ಆಡಿಸಿ. ಕೈಯ ಚಲನೆ ಎರಡೂ ಕಡೆ ಒಂದೇ. ಆದರೆ ಅಂಗಾಲು, ಕಂಕುಳು ಮುಟ್ಟಿದರೆ ಮನುಷ್ಯನಿಗೆ ಬೇರೇನೋ ಆಗುತ್ತದೆ, ಅದಕ್ಕೆ ಕಚಗುಳಿ ಎಂದು ಹೆಸರು. ಆ ಗುಣ ಕೈಯಲ್ಲಿದೆ ಎನ್ನುವುದು ತಪ್ಪು, ಅದು ಪೂರ್ತಿಯಾಗಿ ಮುಟ್ಟಿಸಿಕೊಂಡವನದು. ಗರಿಯೊಂದು ಮೂಗಿನ ಕೆಳಗೆ ಆಡಿದಾಗಲೂ ಹೀಗೆಯೇ. ಬಣ್ಣ, ರುಚಿ, ವಾಸನೆಗಳೂ ಹೀಗೆ ನೋಡುವವನಲ್ಲಿ, ಸವಿಯುವವನಲ್ಲಿ ಇರುವಂಥವು ಎಂಬ ದೊಡ್ಡ ವಾದಕ್ಕೆ ಅವನು ಕಟ್ಟಿದ ಮೆಟ್ಟಿಲು ಇದು. ತತ್ವಶಾಸ್ತ್ರದವರು ಇಂದಿಗೂ ಆ ವಾದವನ್ನು ಚರ್ಚಿಸುತ್ತಾರೆ. ನನಗೆ ಮುಖ್ಯವಾದದ್ದು ಮೆಟ್ಟಿಲೇ. ಕಚಗುಳಿ ಮುಟ್ಟಿದವನ ಸೊತ್ತಲ್ಲ, ಮುಟ್ಟಿಸಿಕೊಂಡವನ ಸೊತ್ತು ಎಂದು ಮೊದಲು ಇಷ್ಟು ನೇರವಾಗಿ ಬರೆದವನು ನಾನು ಓದಿದ ಮಟ್ಟಿಗೆ ಅವನೇ.

ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1626ರಲ್ಲಿ ತೀರಿಕೊಂಡ. ಮರುವರ್ಷ ಬಂದ ಅವನ ‘ಸಿಲ್ವಾ ಸಿಲ್ವಾರಮ್’ನಲ್ಲಿ ಒಂದು ಚುರುಕಾದ ಗಮನಿಕೆ ಇದೆ. ಅಂಗಾಲು, ಕಂಕುಳು, ಪಕ್ಕೆಗಳಲ್ಲಿ ಕಚಗುಳಿ ಹೆಚ್ಚು, ಏಕೆಂದರೆ ಅಲ್ಲಿ ಚರ್ಮ ತೆಳು, ಜೊತೆಗೆ ಆ ಜಾಗಗಳನ್ನು ಯಾರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಂಗೈಯ ಚರ್ಮ ತೆಳುವಾಗಿದ್ದರೂ ಅಷ್ಟು ಕಚಗುಳಿ ಇಲ್ಲ, ಅದಕ್ಕೆ ಮುಟ್ಟಿಸಿಕೊಂಡು ರೂಢಿಯಿದೆ. ಅರಸ್ತೂ ಚರ್ಮವನ್ನಷ್ಟೇ ನೋಡಿದ್ದ. ಬೇಕನ್ ರೂಢಿಯನ್ನೂ ಸೇರಿಸಿದ. (ಅಂಗಾಲಿನ ಚರ್ಮ ತೆಳು ಎಂದವನು ಬರಿಗಾಲಲ್ಲಿ ಶಾಲೆಗೆ ಹೋದ ನಮ್ಮಂಥವರ ಅಂಗಾಲು ನೋಡಿರಲಿಲ್ಲ ಎಂಬುದು ಬೇರೆ ಮಾತು. ಆದರೆ ನಮಗೂ ಆಗುತ್ತಿತ್ತು. ಅಂದರೆ ಚರ್ಮದ ವಾದ ಪೂರ್ತಿ ನಿಲ್ಲುವುದಿಲ್ಲ.)

ಇಷ್ಟೂ ಜನ ಮೈಯನ್ನು ನೋಡಿದರು. ಯಾರ ಬೆರಳು ಎಂದು ಕೇಳಿದವನು ಚಾರ್ಲ್ಸ್ ಡಾರ್ವಿನ್. 1872ರಲ್ಲಿ ಬಂದ ಅವನ ಭಾವನೆಗಳ ಅಭಿವ್ಯಕ್ತಿಯ ಪುಸ್ತಕದಲ್ಲಿ ಕಚಗುಳಿಗೆ ಕೆಲವೇ ಸಾಲು ಮೀಸಲು. ಆದರೆ ಅಷ್ಟರಲ್ಲೇ ಅವನು ವಿಷಯದ ದಿಕ್ಕು ಬದಲಿಸಿದ. ಕಚಗುಳಿಗೆ ನಗು ಬರಬೇಕಾದರೆ ಮನಸ್ಸು ಖುಷಿಯಲ್ಲಿರಬೇಕು. ಅಪರಿಚಿತ ಗಂಡಸೊಬ್ಬ ಎಳೆಮಗುವಿಗೆ ಕಚಗುಳಿ ಇಟ್ಟರೆ ಮಗು ಹೆದರಿ ಕಿರುಚೀತು. ಮುಟ್ಟುವುದು ಹಗುರವಾಗಿರಬೇಕು, ಎಲ್ಲಿ ಮುಟ್ಟುತ್ತಾರೆಂದು ಮೊದಲೇ ತಿಳಿದಿರಬಾರದು. ಮನುಷ್ಯನಿಗೆ ಮಾತ್ರ ಎಂಬ ಅರಸ್ತೂವಿನ ಮಾತನ್ನೂ ಅವನು ಬಿಡಿಸಿದ. ಚಿಂಪಾಂಜಿಯ ಮರಿಗೆ ಕಂಕುಳಲ್ಲಿ ಕಚಗುಳಿ ಇಟ್ಟರೆ ಅದೂ ನಗುವಿನಂಥ ಸದ್ದು ಮಾಡುತ್ತದೆ, ನಮ್ಮ ಮಕ್ಕಳ ಹಾಗೆ. ಐದು ವರ್ಷಗಳ ನಂತರ, 1877ರಲ್ಲಿ, ತನ್ನ ಮೊದಲ ಮಗನ ಶೈಶವದ ಟಿಪ್ಪಣಿಗಳನ್ನು ಅವನು ಪ್ರಕಟಿಸಿದ. ಹುಟ್ಟಿದ ಏಳನೆಯ ದಿನ ಕೂಸಿನ ಬರಿಯ ಅಂಗಾಲಿಗೆ ಕಾಗದದ ಚೂರು ತಾಗಿಸಿದ್ದಾನೆ. ಕೂಸು ಕಾಲೆಳೆದುಕೊಂಡು ಬೆರಳು ಮಡಿಚಿತು. ನಗಲಿಲ್ಲ. ಮೈ ಮೊದಲು ಉತ್ತರ ಕೊಟ್ಟಿತು, ನಗು ಬಹಳ ತಡವಾಗಿ ಬಂತು.

1897ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್ ಜನರಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳ ಮೇಲೆ ಒಂದು ಉದ್ದದ ಲೇಖನ ಬರೆದರು. ಅವರು ಉಳಿಸಿಹೋದದ್ದು ಎರಡು ಹೆಸರು. ಕತ್ತಿನ ಮೇಲೆ ಇರುವೆ ಹರಿದ ಹಾಗೆ, ಗರಿ ಸವರಿದ ಹಾಗೆ ಆಗುವುದು ‘ನಿಸ್ಮೆಸಿಸ್’. ಅದರಲ್ಲಿ ನಗುವಿಲ್ಲ, ಕೆರೆದುಕೊಳ್ಳಬೇಕು ಅನ್ನಿಸುತ್ತದೆ, ಅದನ್ನು ನಮಗೆ ನಾವೇ ಮಾಡಿಕೊಳ್ಳಲೂಬಹುದು. ಪಕ್ಕೆಗೆ ಬೆರಳೊತ್ತಿ ಆಡಿಸಿದಾಗ ಆಗುವುದು ‘ಗಾರ್ಗಲೆಸಿಸ್’. ನಗು, ಒದ್ದಾಟ ಎಲ್ಲ ಇದರದು, ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರಿಗೆ ಕಚಗುಳಿ ಇದೆಯೇ ಎಂದು ಕೇಳುವಾಗ ನಾವು ಕೇಳುತ್ತಿರುವುದು ಈ ಎರಡನೆಯದನ್ನು. ಇರುವೆ ಹರಿದರೆ ಕೊಡವಿಕೊಳ್ಳದವರು ಯಾರಿದ್ದಾರೆ?

ಈಗ ನನಗೆ ಬಹಳ ಪ್ರಿಯವಾದ ಪ್ರಯೋಗ. ಅಮೆರಿಕದ ಓಹಾಯೋದ ಆಂಟಿಯೋಕ್ ಕಾಲೇಜಿನಲ್ಲಿ ಕ್ಲಾರೆನ್ಸ್ ಲ್ಯೂಬಾ ಎಂಬ ಮನಶ್ಶಾಸ್ತ್ರದ ಅಧ್ಯಾಪಕನಿದ್ದ. ಕಚಗುಳಿಗೆ ನಗುವುದು ಹುಟ್ಟಿನಿಂದ ಬಂದದ್ದೇ, ಅಥವಾ ಕಚಗುಳಿ ಇಡುವವರು ತಾವೇ ನಗುವುದನ್ನು ನೋಡಿ ಮಗು ಕಲಿತದ್ದೇ? ಇದು ಅವನ ಪ್ರಶ್ನೆ. 1930ರ ದಶಕದಲ್ಲಿ ತನಗೆ ಗಂಡುಮಗು ಹುಟ್ಟಿದಾಗ ಅವನು ಮನೆಯಲ್ಲೊಂದು ಕಾನೂನು ಮಾಡಿದ. ಮಗುವಿನ ಎದುರು ಯಾರೂ ನಗುತ್ತ ಕಚಗುಳಿ ಇಡಕೂಡದು. ಇಡುವುದು ಅವನೇ, ಗೊತ್ತಾದ ಸಮಯಕ್ಕೆ, ಗೊತ್ತಾದ ಕ್ರಮದಲ್ಲಿ: ಮೊದಲು ಹಗುರ, ಆಮೇಲೆ ಜೋರು. ಆಗ ತನ್ನ ಮುಖಭಾವ ಕಾಣಬಾರದೆಂದು ಮುಖದ ಮುಂದೆ ರಟ್ಟಿನ ಮುಖವಾಡ. ಮುಖವಾಡದ ಹಿಂದೆಯೂ ನಗಬಾರದು. ತಿಂಗಳುಗಟ್ಟಲೆ ನಡೆಯಿತು. ಮಗುವಿನ ತಾಯಿ ಒಂದು ದಿನ ಮರೆತು, ಸ್ನಾನದ ನಂತರ ಮಗುವನ್ನು ಮೊಣಕಾಲ ಮೇಲೆ ಕುಣಿಸಿ ನಗಿಸಿಬಿಟ್ಟಳೆಂದು ಹೇಳುತ್ತಾರೆ. ಪಾಪ, ಆ ತಾಯಿಯ ಸ್ಥಿತಿ ನೆನೆದರೆ ನನಗೆ ವಿಜ್ಞಾನದ ಮೇಲೆ ಸ್ವಲ್ಪ ಸಿಟ್ಟೇ ಬರುತ್ತದೆ. ಏಳು ತಿಂಗಳು ತುಂಬುವ ಹೊತ್ತಿಗೆ ಮಗು ಮುಖವಾಡದ ಎದುರೇ ಕಚಗುಳಿಗೆ ಗಹಗಹಿಸಿ ನಕ್ಕಿತು. ಮುಂದೆ ಹುಟ್ಟಿದ ಮಗಳ ಮೇಲೂ ಇದೇ ಪ್ರಯೋಗ, ಇದೇ ಫಲ. 1941ರಲ್ಲಿ ಎರಡನ್ನೂ ಪ್ರಕಟಿಸಿ, ನಗು ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದ ಲ್ಯೂಬಾ. ನನಗೊಂದು ಅನುಮಾನ. ರಟ್ಟಿನ ಹಿಂದಿನಿಂದ ಬಂದ ಕೈ ಯಾರದೆಂದು ಆ ಮಗುವಿಗೆ ಗೊತ್ತಿರಲಿಲ್ಲವೇ? ದಿನವೂ ಎತ್ತಿಕೊಳ್ಳುತ್ತಿದ್ದ ಕೈಯೇ ಅದು. ಡಾರ್ವಿನ್ ಹೇಳಿದ ಅಪರಿಚಿತ ಗಂಡಸು ಆ ಮನೆಯೊಳಗೆ ಬರಲೇ ಇಲ್ಲ.

ಕೈ ಬದಲಾದರೆ ಏನಾಗುತ್ತದೆ ಎಂಬುದು ವೈದ್ಯರಿಗೆ ಮೊದಲಿನಿಂದ ಗೊತ್ತು. 1896ರಲ್ಲಿ ಪ್ಯಾರಿಸ್ಸಿನ ಜೋಸೆಫ್ ಬಾಬಿನ್ಸ್ಕಿ, ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೇಳುವುದಾದರೆ ಮಿದುಳು ಅಥವಾ ಬೆನ್ನುಹುರಿಯಲ್ಲಿ ತೊಂದರೆಯಿದೆ ಎಂದು ಗುರುತಿಸಿದ. ಕಚಗುಳಿ ಹೆಚ್ಚಿರುವ ರೋಗಿ ಕಾಲನ್ನೇ ಎಳೆದುಕೊಂಡರೆ ಈ ಪರೀಕ್ಷೆ ಕೆಡುತ್ತದೆ. ಹೊಟ್ಟೆ ಒತ್ತಿ ನೋಡುವಾಗಲೂ ಇದೇ ಕಷ್ಟ. ಅದಕ್ಕೆ ವೈದ್ಯರಲ್ಲೊಂದು ಉಪಾಯವಿದೆ. ರೋಗಿಯ ಕೈಯನ್ನೇ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು ಒತ್ತುವುದು. ರೋಗಿಯ ಮೈ ಅದನ್ನು ತನ್ನ ಕೈಯೆಂದು ಒಪ್ಪಿಕೊಳ್ಳುತ್ತದೆ, ಹೊಟ್ಟೆ ಸಡಿಲವಾಗುತ್ತದೆ.

ತನ್ನ ಕೈ, ಅನ್ಯರ ಕೈ ಎಂಬ ಲೆಕ್ಕ ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ? 1971ರಲ್ಲಿ ಲಾರೆನ್ಸ್ ವೈಸ್ಕ್ರಾಂಟ್ಸ್ ಮತ್ತು ಜೊತೆಯವರು ಅಂಗಾಲಿಗೆ ಕಡ್ಡಿ ಆಡಿಸುವ ಒಂದು ಪೆಟ್ಟಿಗೆ ಮಾಡಿದರು. ಅದರ ಹಿಡಿಯನ್ನು ಬೇರೆಯವರು ಆಡಿಸಿದಾಗ ಕಚಗುಳಿ ಹೆಚ್ಚು, ತಾನೇ ಆಡಿಸಿದಾಗ ಕಡಿಮೆ. 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೊಲ್ಪರ್ಟ್, ಕ್ರಿಸ್ ಫ್ರಿತ್ ಮಿದುಳಿನ ಸ್ಕ್ಯಾನಿಂಗ್ ಮಾಡುತ್ತ ಅಂಗೈಗೆ ಮೆತ್ತನೆಯ ಸ್ಪಂಜು ತಾಗಿಸಿದರು. ಕೈ ಆಡಿಸುವ ಮುನ್ನವೇ ಕಿರುಮೆದುಳು ಅದರ ಫಲವನ್ನು ಊಹಿಸಿ, ಬರಲಿರುವ ಸ್ಪರ್ಶವನ್ನು ಮಂಕಾಗಿಸುತ್ತದೆ ಎಂಬುದು ಅವರ ತೀರ್ಮಾನ. ಮರುವರ್ಷ ನಡುವೆ ಒಂದು ರೋಬೋಟನ್ನು ಇಟ್ಟು, ಕೈಯ ಚಲನೆಗೂ ಸ್ಪರ್ಶಕ್ಕೂ ಸೆಕೆಂಡಿನ ಹತ್ತನೆಯ ಒಂದೆರಡು ಭಾಗದಷ್ಟು ತಡ ಮಾಡಿಸಿದರು. ತಡ ಹೆಚ್ಚಿದಂತೆ ತನ್ನದೇ ಕೈ ತನಗೆ ಕಚಗುಳಿ ಇಡತೊಡಗಿತು. 2000ದಲ್ಲಿ ಇನ್ನೊಂದು ಸಂಗತಿ ಹೊರಬಂತು. ಇಲ್ಲದ ದನಿಗಳು ಕೇಳಿಸುವ ಮನೋರೋಗಿಗಳಿಗೆ ತಮ್ಮ ಸ್ಪರ್ಶಕ್ಕೂ ಇತರರ ಸ್ಪರ್ಶಕ್ಕೂ ಅಂಥ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಳೆಯ ‘ಸಮಸ್ಯೆಗಳು’ ಗ್ರಂಥದ ಉತ್ತರ ಸರಿಯೇ ಇತ್ತು, ಅದಕ್ಕೆ ಮಿದುಳಿನ ವಿಳಾಸ ಸಿಕ್ಕಿತು ಅನ್ನಬಹುದು. ಆದರೆ ಅಂಗೈಗೆ ತಾಗಿದ ಸ್ಪಂಜು ಪಕ್ಕೆಗೆ ಒತ್ತಿದ ಬೆರಳಲ್ಲ. ನೆದರ್ಲೆಂಡ್ಸಿನ ನೈಮೆಗನ್ನಿನಲ್ಲಿ ಕೆಲಸ ಮಾಡುವ ಕಾನ್‌ಸ್ಟಾಂಟಿನಾ ಕಿಲ್ಟೆನಿ 2025ರ ಲೇಖನದಲ್ಲಿ ಈ ಕೊರತೆಯನ್ನೇ ಎತ್ತಿ ತೋರಿಸಿದ್ದಾರೆ. ನಗಿಸುವ ಕಚಗುಳಿಯನ್ನು ನಿಜವಾಗಿ ಅಳೆದ ಪ್ರಯೋಗಗಳು ಕೆಲವೇ.

ಆ ಕೆಲವರಲ್ಲಿ ಕ್ಯಾಲಿಫೋರ್ನಿಯಾದ ಕ್ರಿಸ್ಟೀನ್ ಹ್ಯಾರಿಸ್ ಒಬ್ಬರು. ಒಳ್ಳೆಯ ಹಾಸ್ಯಕ್ಕೂ ಕಚಗುಳಿಗೂ ಒಳಗೆ ನಂಟಿದೆ ಎಂದು ಡಾರ್ವಿನ್ನನೂ ಜರ್ಮನಿಯ ಎವಾಲ್ಡ್ ಹೆಕರನೂ ನಂಬಿದ್ದರು. 1997ರಲ್ಲಿ ಹ್ಯಾರಿಸ್ ಮತ್ತು ನಿಕೋಲಸ್ ಕ್ರಿಸ್ಟನ್‌ಫೆಲ್ಡ್ ವಿದ್ಯಾರ್ಥಿಗಳಿಗೆ ಮೊದಲು ಹಾಸ್ಯದ ವಿಡಿಯೋ ತೋರಿಸಿ ಆಮೇಲೆ ಕಚಗುಳಿ ಇಟ್ಟರು. ಒಂದು ಜೋಕಿಗೆ ನಕ್ಕವನು ಮುಂದಿನ ಜೋಕಿಗೆ ಸಲೀಸಾಗಿ ನಗುತ್ತಾನೆ. ಕಚಗುಳಿಯ ವಿಷಯದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ನಮ್ಮ ವಿಮರ್ಶಕರು ಲಲಿತ ಪ್ರಬಂಧಗಳನ್ನು ‘ಮನಸ್ಸಿಗೆ ಕಚಗುಳಿ ಇಡುವಂಥವು’ ಎಂದು ಹೊಗಳುವಾಗ ಇದನ್ನು ಗಮನಿಸಬಹುದು. 1999ರಲ್ಲಿ ಅವರಿಬ್ಬರೂ ಇನ್ನೊಂದು ಆಟ ಹೂಡಿದರು. ಕಣ್ಣು ಕಟ್ಟಿ ಕೂರಿಸಿದವರಿಗೆ, ಒಮ್ಮೆ ಮನುಷ್ಯ, ಒಮ್ಮೆ ಯಂತ್ರ ನಿಮ್ಮ ಕಾಲಿಗೆ ಕಚಗುಳಿ ಇಡುತ್ತದೆ ಎಂದರು. ಯಂತ್ರ ಸದ್ದನ್ನಷ್ಟೇ ಮಾಡುತ್ತಿತ್ತು. ಎರಡು ಸಲವೂ ಕೈಯಾಡಿಸಿದ್ದು ಮೇಜಿನಡಿ ಅಡಗಿದ್ದ ಮನುಷ್ಯನೇ. ಯಂತ್ರವೆಂದು ನಂಬಿದಾಗಲೂ ಜನ ಅಷ್ಟೇ ನಕ್ಕರು. 2005ರಲ್ಲಿ ಹ್ಯಾರಿಸ್ ಮತ್ತು ನ್ಯಾನ್ಸಿ ಅಲ್ವರಾಡೊ ಕಚಗುಳಿ ಇಡಿಸಿಕೊಳ್ಳುವವರ ಮುಖಗಳನ್ನು ಚಿತ್ರೀಕರಿಸಿ ಸ್ನಾಯು ಸ್ನಾಯುವಾಗಿ ನೋಡಿದರು. ಅಲ್ಲಿ ಸಂತೋಷದ ನಗೆಯೂ ಇತ್ತು, ನೋವಿನಲ್ಲಿ ಕಾಣುವ ಚಲನೆಗಳೂ ಇದ್ದವು. ಮುಖ ನಗುತ್ತಿದೆ ಎಂಬುದರಿಂದ ಆ ಮನುಷ್ಯ ನಗುತ್ತಿದ್ದಾನೆ ಎಂದು ಹೇಳಲು ಬರುವುದಿಲ್ಲ.

ಇದನ್ನು ಕ್ರೂರಿಗಳು ಪ್ರಯೋಗಾಲಯಕ್ಕಿಂತ ಬಹಳ ಮೊದಲೇ ತಿಳಿದಿದ್ದರು. 1668ರ ಸುಮಾರಿಗೆ ಬಂದ ಗ್ರಿಮೆಲ್ಸ್‌ಹೌಸನ್ನನ ಜರ್ಮನ್ ಕಾದಂಬರಿ ‘ಸಿಂಪ್ಲಿಸಿಸಿಮಸ್’ನಲ್ಲಿ ಲೂಟಿಗೆ ಬಂದ ಸೈನಿಕರು ರೈತನನ್ನು ಕಟ್ಟಿಹಾಕಿ, ಅಂಗಾಲಿಗೆ ಉಪ್ಪು ಬಳಿದು ಮೇಕೆಯಿಂದ ನೆಕ್ಕಿಸುತ್ತಾರೆ. ಅವನು ನಗುತ್ತ ನಗುತ್ತಲೇ ಬಚ್ಚಿಟ್ಟ ಹಣದ ಜಾಗ ಹೇಳಿಬಿಡುತ್ತಾನೆ. ನೋಡುತ್ತಿದ್ದ ಹುಡುಗ ಏನೂ ತಿಳಿಯದೆ ತಾನೂ ನಗುತ್ತಾನೆ. ಅದು ಕಾದಂಬರಿ. ನಾಜಿಗಳ ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಸಲಿಂಗಿಯೆಂಬ ಕಾರಣಕ್ಕೆ ಕೈದಿಯಾಗಿದ್ದ ಆಸ್ಟ್ರಿಯಾದವನೊಬ್ಬನ ನೆನಪುಗಳು 1972ರಲ್ಲಿ ಹೈನ್ಸ್ ಹೇಗರ್ ಎಂಬ ಹೆಸರಿನಲ್ಲಿ ಪ್ರಕಟವಾದವು. ಅಲ್ಲಿ ಕಾವಲಿನವರು ಒಬ್ಬ ಕೈದಿಯನ್ನು ಕಟ್ಟಿಹಾಕಿ ಹೆಬ್ಬಾತಿನ ಗರಿಗಳಿಂದ ಅಂಗಾಲಿಗೆ, ಕಂಕುಳಿಗೆ ಕಚಗುಳಿ ಇಡುತ್ತಾರೆ. ಕೈದಿ ತಡೆಯುವಷ್ಟು ತಡೆದು ಕೊನೆಗೆ ನಕ್ಕ. ಆ ನಗು ಕಿರುಚಾಟವಾಯಿತು. ಅದು ಅವರ ಮೊದಲ ಆಟ ಮಾತ್ರ, ಮುಂದಿನವು ಅದಕ್ಕಿಂತ ಘೋರ. ಈ ಪುಟಗಳನ್ನು ಓದಿದ ಮೇಲೆ ನನಗೆ ಮೊಣಕಾಲ ಮೇಲೆ ಬೆರಳು ಬಿಚ್ಚುವ ಆಟ ಮೊದಲಿನ ಹಾಗೆ ನೆನಪಾಗುವುದಿಲ್ಲ.

ಹಾಗಾದರೆ ಬಾಯಿಲ್ಲದ ಪ್ರಾಣಿಗೆ ಕಚಗುಳಿ ಇಷ್ಟವೋ ಕಷ್ಟವೋ ಹೇಗೆ ತಿಳಿಯುವುದು? 1990ರ ದಶಕದ ಕೊನೆಯಲ್ಲಿ ಜಾಕ್ ಪಾಂಕ್ಸೆಪ್ ಎಂಬ ವಿಜ್ಞಾನಿ ಇಲಿಮರಿಗಳಿಗೆ ಕಚಗುಳಿ ಇಟ್ಟು ನೋಡಿದರು. ಇಲಿಗಳು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚಿಲಿಪಿಲಿ ಎಂದವು. ನಮ್ಮ ಕಿವಿ ಕೇಳುವುದು ಹೆಚ್ಚೆಂದರೆ 20ರವರೆಗೆ, ಹಾಗಾಗಿ ಆ ಸದ್ದಿಗೆ ಬೇರೆ ಉಪಕರಣ ಬೇಕು. ಸದ್ದಿಗಿಂತ ನನಗೆ ಹಿಡಿಸಿದ್ದು ಇಲಿಗಳ ನಡೆ. ಕೈ ತೆಗೆದರೆ ಅವು ಕೈಯ ಹಿಂದೆಯೇ ಓಡಿಬಂದವು. 2016ರಲ್ಲಿ ಬರ್ಲಿನ್ನಿನ ಶಿಂಪೈ ಇಶಿಯಾಮಾ ಮತ್ತು ಮೈಕೆಲ್ ಬ್ರೆಖ್ಟ್, ಇಲಿಯನ್ನು ಎತ್ತರದ ಕಟ್ಟೆಯ ಮೇಲೆ ಪ್ರಖರ ಬೆಳಕಿನಲ್ಲಿಟ್ಟು ಕಚಗುಳಿ ಇಟ್ಟರೆ ಚಿಲಿಪಿಲಿ ಇಳಿದುಹೋಗುತ್ತದೆ ಎಂದು ತೋರಿಸಿದರು. ಹೆದರಿದ ಇಲಿಗೆ ಕಚಗುಳಿ ಇಲ್ಲ. 2020ರಲ್ಲಿ ಬ್ರಿಸ್ಟಲ್ಲಿನವರು, ಎಲ್ಲ ಇಲಿಗಳಿಗೂ ಇದು ಒಂದೇ ರೀತಿ ಹಿಡಿಸುವುದಿಲ್ಲ, ಒಂದೊಂದರದು ಒಂದೊಂದು ಬಗೆ ಎಂದರು. ಇಲಿಯ ಬಗ್ಗೆ ಇಷ್ಟು ವಿಚಾರಿಸಿದವರನ್ನು ನೋಡಿದರೆ ಸಂತೋಷವಾಗುತ್ತದೆ.

ನಾನು ಕಾಲು ಹಿಡಿದ ಹುಡುಗನ ಬಗ್ಗೆ ನಾವು ಅಷ್ಟನ್ನೂ ವಿಚಾರಿಸಿರಲಿಲ್ಲ. ಅವನು ನಮ್ಮ ಬೆಂಚಿನವನೇ. ತೆಳ್ಳಗೆ, ಮಾತು ಕಡಿಮೆ. ಮುಟ್ಟುವ ಮೊದಲೇ ನಗುವವನು ಎಂದು ಅವನಿಗೆ ಹೆಸರಿತ್ತು. ಬೆರಳು ತೋರಿಸಿದರೆ ಸಾಕು, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ನಗಲು ಶುರು. ಅದನ್ನೇ ನಾವು ಅವನ ಒಪ್ಪಿಗೆ ಎಂದುಕೊಂಡೆವು. ಮಳೆಗಾಲದ ಒಂದು ಮಧ್ಯಾಹ್ನ, ಮಾಸ್ತರರಿಲ್ಲದ ಪಿರಿಯಡ್ಡಿನಲ್ಲಿ ನಾಲ್ವರು ಸೇರಿ ಅವನನ್ನು ಕೆಡವಿದರು. ನಾನು ಕಾಲು ಹಿಡಿದೆ. ಅವನು ಬಸ್ ಬಸ್ ಎನ್ನುತ್ತಿದ್ದ, ಸಾಕು ಎಂದು. ನಗುತ್ತಲೇ ಅನ್ನುತ್ತಿದ್ದ. ನಗು ನಿಂತದ್ದು ಯಾವಾಗ ಎಂದು ನಮಗೆ ಗೊತ್ತಾಗಲಿಲ್ಲ. ನನ್ನ ಕೈಗೆ ಬೆಚ್ಚಗೆ ಏನೋ ತಾಗಿದಾಗ ಬಿಟ್ಟೆ. ಅವನ ಪಾಯಿಜಾಮ ನೆನೆದಿತ್ತು. ಮೂರು ದಿನ ಅವನು ಶಾಲೆಗೆ ಬರಲಿಲ್ಲ. ಬಂದ ಮೇಲೆ ಕಡೆಯ ಬೆಂಚಿಗೆ ಹೋಗಿ ಕುಳಿತ, ವರ್ಷ ಮುಗಿಯುವವರೆಗೂ ನಮ್ಮ ಕಡೆಗೆ ಬರಲಿಲ್ಲ. ಯಾರೂ ನಮ್ಮನ್ನು ಬೈಯಲಿಲ್ಲ. ನಗಿಸಿದ್ದಕ್ಕೆ ಯಾರು ಬೈಯುತ್ತಾರೆ?

ಆ ಕಾಲಕ್ಕೆ ನಮಗೆ ನಗುವಿನ ಶಾಸ್ತ್ರ ಗೊತ್ತಿತ್ತು ಎಂಬುದೇ ವಿಚಿತ್ರ. ಹನಫೀ ಫಿಕ್ಹ್‌ನ ಪಾಠದಲ್ಲಿ ನಗುವಿಗೆ ಮೂರು ಅಂತಸ್ತು ಕಲಿಸಿದ್ದರು. ಸದ್ದಿಲ್ಲದ ಮುಗುಳ್ನಗೆಗೆ ನಮಾಝ್ ಕೆಡುವುದಿಲ್ಲ. ತನಗಷ್ಟೇ ಕೇಳುವ ನಗುವಿಗೆ ನಮಾಝ್ ಕೆಡುತ್ತದೆ. ಪಕ್ಕದವನಿಗೆ ಕೇಳುವಷ್ಟು ನಕ್ಕರೆ ನಮಾಝಿನ ಜೊತೆ ವುಝೂ ಕೂಡ ಹೋಗುತ್ತದೆ, ಪ್ರಾಯಕ್ಕೆ ಬಾರದ ಮಕ್ಕಳಿಗೆ ವುಝೂ ವಿಷಯದಲ್ಲಿ ವಿನಾಯಿತಿ. ಈದ್ ನಮಾಝಿನ ಹಿಂದಿನ ಸಾಲಿನಲ್ಲಿ ಪಕ್ಕದವನ ಪಕ್ಕೆ ಚುಚ್ಚಿ ಈ ಶಾಸ್ತ್ರವನ್ನು ಪರೀಕ್ಷಿಸದ ಹುಡುಗರು ಕಡಿಮೆ. ನಗುವಿನ ಸದ್ದನ್ನು ಅಳೆಯಲು ಬರುತ್ತಿದ್ದ ನಮಗೆ ಆ ಮಧ್ಯಾಹ್ನದ ನಗು ಯಾವ ಅಂತಸ್ತಿನದೆಂದು ತಿಳಿಯಲಿಲ್ಲ.

ಬಹಳ ವರ್ಷಗಳ ನಂತರ ‘ಸುನನ್ ಅಬೂದಾವೂದ್’ನಲ್ಲಿ ಒಂದು ಹದೀಸ್ ಓದಿದೆ. ಅನ್ಸಾರರಲ್ಲಿ ಉಸೈದ್ ಬಿನ್ ಹುದೈರ್(ರ) ಎಂಬವರು ತಮಾಷೆಯ ಸ್ವಭಾವದವರು. ಒಮ್ಮೆ ಅವರು ಜನರನ್ನು ನಗಿಸುತ್ತಿದ್ದಾಗ ಪ್ರವಾದಿ(ಸ)ಯವರು ಒಂದು ಕಡ್ಡಿಯಿಂದ ಅವರ ಪಕ್ಕೆಗೆ ತಿವಿದರು. ಉಸೈದ್(ರ) ತಟ್ಟನೆ, ನನಗೆ ಇದರ ಬದಲು ತೀರಿಸಲು ಬಿಡಿ ಎಂದರು. ಪ್ರವಾದಿ(ಸ)ಯವರು ತಮಾಷೆಗೆ ಮಾಡಿದ್ದು ಎನ್ನಲಿಲ್ಲ, ತೀರಿಸಿಕೋ ಎಂದರು. ತಾವು ಅಂಗಿ ತೊಟ್ಟಿದ್ದೀರಿ, ನನ್ನ ಮೈಮೇಲೆ ಅಂಗಿ ಇರಲಿಲ್ಲ ಎಂದು ಉಸೈದ್(ರ) ತಕರಾರು ತೆಗೆದರು. ಪ್ರವಾದಿ(ಸ)ಯವರು ಅಂಗಿ ಎತ್ತಿದರು. ಉಸೈದ್(ರ) ಅವರನ್ನು ಅಪ್ಪಿಕೊಂಡು ಪಕ್ಕೆಗೆ ಮುತ್ತಿಟ್ಟರು, ನನಗೆ ಬೇಕಿದ್ದುದು ಇಷ್ಟೇ ಎಂದರು. ಪ್ರವಚನಗಳಲ್ಲಿ ಈ ಹದೀಸನ್ನು ಪ್ರವಾದಿಪ್ರೇಮಕ್ಕೆ ಉದಾಹರಣೆಯಾಗಿ ಹೇಳುವುದನ್ನು ಕೇಳಿದ್ದೇನೆ. ನಾನು ಓದುವಾಗ ಮುತ್ತಿಗಿಂತ ಮೊದಲಿನ ಭಾಗದಲ್ಲೇ ನಿಂತುಬಿಡುತ್ತೇನೆ. ಪಕ್ಕೆಗೆ ತಿವಿದದ್ದಕ್ಕೂ ಲೆಕ್ಕ ಕೇಳಬಹುದಿತ್ತು. ಕೇಳಿದವನನ್ನು ಯಾರೂ ನಕ್ಕು ತಳ್ಳಿಹಾಕಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಲೀಮದ ಊಟದಲ್ಲಿ ಅವನು ಸಿಕ್ಕ. ತಲೆಗೂದಲು ನನಗಿಂತ ಹೆಚ್ಚು ನೆರೆತಿತ್ತು. ಜೊತೆಗೆ ಇಬ್ಬರು ಮಕ್ಕಳು, ಚಿಕ್ಕವಳು ಅವನ ಹೆಗಲ ಮೇಲೆ ಕುಳಿತು ಅವನ ಕಿವಿಯ ಹಿಂದೆ ಬೆರಳಾಡಿಸುತ್ತಿದ್ದಳು. ಅವನು ನಗುತ್ತಿದ್ದ. ಸಲಾಂ ಹೇಳಿ ಕೈ ಕುಲುಕಿದೆವು. ಊರು, ಕೆಲಸ, ಮಕ್ಕಳ ಓದು ಎಲ್ಲ ಮಾತಾಡಿದೆವು. ಹೊರಡುವಾಗ ನಾನು ತಬ್ಬಿಕೊಳ್ಳಲು ಎರಡೂ ಕೈ ಚಾಚಿದೆ. ಅವನ ಮೊಣಕೈಗಳು ಪಕ್ಕೆಗೆ ಅಂಟಿಕೊಂಡವು. ನಾನು ಕೈ ಇಳಿಸಿದೆ. ಖುದಾ ಹಾಫಿಝ್ ಎಂದು ಅವನು ಮಗಳನ್ನು ಸರಿಯಾಗಿ ಎತ್ತಿ ಕೂರಿಸಿಕೊಂಡು ಊಟದ ಸಾಲಿನ ಕಡೆಗೆ ನಡೆದ.